ಸ್ವಿಚ್ಚಿನ ಪಕ್ಕದ ಕುರ್ಚಿ

ಮಾಕಳಿಯಲ್ಲಿ ನನ್ನದೊಂದು ಶೀಟಿನ ಶೆಡ್ಡಿದೆ. ಏಪ್ರಿಲ್ ತಿಂಗಳಲ್ಲಿ ಅದರೊಳಗೆ ಹಿಟ್ಟು ತಟ್ಟಿಟ್ಟರೆ ಸಾಕು, ರೊಟ್ಟಿ ತಾನಾಗಿಯೇ ಬೇಯುತ್ತದೆ, ಮಗುಚಿ ಹಾಕುವುದಷ್ಟೇ ನಮ್ಮ ಕೆಲಸ. ಈ ಚಿಕ್ಕಬೈರಪ್ಪ, ಅಂದರೆ ನಾನು, ನೂರು ಮಾತಾಡಿದರೆ ಅದರಲ್ಲಿ ನಾಲ್ಕು ಸುಳ್ಳು ಎಂದು ನನ್ನ ಹೆಂಡತಿ ಮುನಿಯಲ್ಲಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅದು ಅವಳ ದೊಡ್ಡ ಮನಸ್ಸು. ನಲವತ್ತಕ್ಕೆ ಕಡಿಮೆ ಇಲ್ಲ. ಆದರೆ ಆ ಶೆಡ್ಡಿನಲ್ಲಿ ಕೆಲಸ ಮಾಡುವ ಶರಣವ್ವನ ಕಥೆಯಲ್ಲಿ ಸುಳ್ಳಿಗೆ ಜಾಗ ಕಡಿಮೆ. ಇರುವಷ್ಟನ್ನೂ ಮೊದಲೇ ಮುಗಿಸಿಬಿಡುತ್ತೇನೆ.

ಶೆಡ್ಡು ಬಾಡಿಗೆಗೆ ಹಿಡಿದವನು ಅವಳ ಗಂಡ ಶಿವಪುತ್ರ. ಇಳಕಲ್ ಕಡೆಯವನು, ಆರಡಿ ಎರಡಿಂಚು ಆಳು. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲೆ. ಅವನದು ಬಫಿಂಗ್ ಕೆಲಸ. ಒಂದು ಮೋಟಾರು, ಅದರ ಎರಡೂ ಕಡೆಗೆ ಚಾಚಿದ ಕಬ್ಬಿಣದ ರಾಡು, ರಾಡಿನ ತುದಿಗೆ ಒಂದೊಂದು ಬಟ್ಟೆಯ ಚಕ್ರ. ಬಟ್ಟೆ ಎಂದು ಸಸಾರ ಮಾಡಬೇಡಿ. ಐವತ್ತು ಪದರ ಒಟ್ಟಿ ಹೊಲಿದ ಆ ಚಕ್ರ ನಿಮಿಷಕ್ಕೆ ಎರಡು ಸಾವಿರದ ಎಂಟುನೂರು ಸುತ್ತು ತಿರುಗುತ್ತದೆ. ಅದಕ್ಕೆ ಪಾಲಿಶ್ ಸೋಪು ಉಜ್ಜಿ, ಹಿತ್ತಾಳೆಯನ್ನೋ ಸ್ಟೀಲನ್ನೋ ಒತ್ತಿ ಹಿಡಿದರೆ ಮಂಕಾಗಿದ್ದ ಲೋಹ ಕನ್ನಡಿಯಾಗುತ್ತದೆ.

ಶಿವಪುತ್ರನ ಪಾಲಿಶ್ ಬರೀ ಕನ್ನಡಿಯಲ್ಲ. ಅವನು ಹೊಳಪು ಕೊಟ್ಟ ಒಂದು ಸ್ಟೀಲ್ ಗುಂಡನ್ನು ಯಲಹಂಕದ ಯಾರೋ ಗೇಟಿನ ಮೇಲೆ ಕೂರಿಸಿಕೊಂಡರು. ಆ ಬೀದಿಯ ಗೂಳಿ ಅದರಲ್ಲಿ ತನ್ನ ಮುಖ ಕಂಡು ಮೂರು ದಿನ ಜಗಳಕ್ಕೆ ನಿಂತಿತ್ತು. ನಾಲ್ಕನೇ ದಿನ ಸೋಲೊಪ್ಪಿ ಬೀದಿಯನ್ನೇ ಬಿಟ್ಟುಕೊಟ್ಟಿತು. ಇನ್ನೊಮ್ಮೆ ಪಾಲಿಶ್ ಆದ ಪರಾತಗಳನ್ನು ಶೆಡ್ಡಿನ ಮೇಲೆ ಒಣಗಲು ಇಟ್ಟಿದ್ದಾಗ, ದೇವನಹಳ್ಳಿಗೆ ಇಳಿಯಬೇಕಾದ ವಿಮಾನ ಮಾಕಳಿಯ ಮೇಲೆ ಎರಡು ಸುತ್ತು ಹೊಡೆಯಿತು. ಮುನಿಯಲ್ಲಮ್ಮ ಹೊರಗೆ ಬಂದು ಒಂದು ಕೂಗು ಹಾಕಿದ ಮೇಲೆಯೇ ಪೈಲಟ್ಟಿಗೆ ದಾರಿ ಗೊತ್ತಾದದ್ದು.

ಮುಗಿಯಿತು. ಇನ್ನು ನಿಜ.

ಇಷ್ಟು ಹೊಳಪು ಕೊಟ್ಟವನು ಸಂಜೆ ಶೆಡ್ಡಿನಿಂದ ಹೊರಬಂದರೆ ಕಣ್ಣು, ಹಲ್ಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಚಕ್ರ ಉದುರಿಸುವ ನೂಲಿನ ಹುಡಿ, ಸೋಪಿನ ಹುಡಿ, ಲೋಹದ ಹುಡಿ ಮೂರೂ ಸೇರಿ ಮೈಗೆ ಮೆತ್ತಿಕೊಳ್ಳುತ್ತಿತ್ತು. ಸೀನಿದರೆ ಊರಿಗೊಂದು ಕಾಗದ ಬರೆಯುವಷ್ಟು ಮಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳೋ ಎಂದು ನಾನು ಹೇಳದ ದಿನವಿಲ್ಲ.

"ಬೈರಪ್ಪ ಕಾಕಾ, ಹಿತ್ತಾಳಿ ಕಾಯ್ತೋ ಇಲ್ಲೋ ನನಗ ವಾಸನಿಮ್ಯಾಲ ಗೊತ್ತಾಗತೈತಿ. ಮೂಗು ಕಟ್ಟಿದ್ರ ಕೆಲಸಾನ ಕಟ್ಟಿದಂಗ" ಎನ್ನುತ್ತಿದ್ದ. ಕೈಬೆರಳು ಹತ್ತೂ ನೆಟ್ಟಗೆ ಉಳಿಸಿಕೊಂಡ ಬಫಿಂಗ್ ಮಾಸ್ತರ ತುಮಕೂರು ರಸ್ತೆಯಲ್ಲಿ ತಾನೊಬ್ಬನೇ ಎಂಬ ಹೆಮ್ಮೆ ಅವನಿಗಿತ್ತು. ಅದು ಸುಳ್ಳೂ ಅಲ್ಲ. ಕೈಯನ್ನು ಅಷ್ಟು ಜೋಪಾನ ಮಾಡಿದವನು ಎದೆಯನ್ನು ಮರೆತಿದ್ದ. ಇಪ್ಪತ್ತೆರಡು ವರ್ಷ ಮರೆತಿದ್ದ.

ಹೋದ ವರ್ಷ ಸಂಕ್ರಾಂತಿ ಹೊತ್ತಿಗೆ ಅವನಿಗೆ ನನ್ನ ಮನೆಯ ಮೂರು ಮೆಟ್ಟಿಲು ಹತ್ತಲು ಎರಡು ಸಲ ಕೂರಬೇಕಾಯಿತು. ದೊಡ್ಡಾಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಏನು ಕೆಲಸ ಎಂದು ಕೇಳಿ, ಇನ್ನು ಆ ಕೆಲಸ ಬೇಡ ಎಂದರು. ಎಷ್ಟು ದಿನ ಬೇಡ ಎಂದು ಶಿವಪುತ್ರ ಕೇಳಿದ. ಡಾಕ್ಟರು ಮಾತ್ರೆ ಬರೆದರು.

ಮಕ್ಕಳಿರಲಿಲ್ಲ. ಮನೆಗೆ ಅನ್ನ ತರುವುದು ಅದೊಂದೇ ಮೆಷಿನ್. ಹದಿನೈದು ವರ್ಷ ಶರಣವ್ವ ಹೊಳೆಯುವ ಮಾಲನ್ನು ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಮೆಷಿನ್ ಮುಟ್ಟಿದವಳಲ್ಲ. ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಅವಳು ನನ್ನ ಮುಂದೆಯೇ ಗಂಡನಿಗೆ ಹೇಳಿದಳು.

"ನನಗ ಕಲಸ್ರಿ."

"ಆ ಮಷಿನ್ ಕೈ ತಿಂತದ" ಎಂದ ಶಿವಪುತ್ರ.

"ನಿಮ್ಮದೇನು ತಿಂದಿಲ್ಲಲ್ಲ."

"ನಂದು ಬ್ಯಾರೇನ ತಿಂದೈತಿ."

ಅಲ್ಲಿಗೆ ಮಾತು ಮುಗಿಯಿತು. ವಾರದೊಳಗೆ ಅವನು ಒಪ್ಪಿದ. ಒಪ್ಪದೆ ಬೇರೆ ದಾರಿ ಇರಲಿಲ್ಲ. ಆದರೆ ಒಂದು ಷರತ್ತು ಹಾಕಿದ. ಮೆಷಿನ್ ಈಗಿರುವಂತೆ ಅವಳು ಮುಟ್ಟಕೂಡದು. ಮೊದಲಿನಿಂದ ಅವಳಿಗೆಂದೇ ಹೊಸದಾಗಿ ನಿಲ್ಲಿಸಬೇಕು.

ಮೆಷಿನ್ನಿನ ಕಬ್ಬಿಣದ ಸ್ಟ್ಯಾಂಡು ಅವನ ಎತ್ತರಕ್ಕೆ ಮಾಡಿಸಿದ್ದು. ಶರಣವ್ವ ಐದಡಿಯ ಹೆಂಗಸು. ಅವಳು ಎದುರು ನಿಂತರೆ ಚಕ್ರ ಎದೆಗೆ ಬರುತ್ತಿತ್ತು. ಕೈಯಿಂದ ಮಾಲು ಜಾರಿದರೆ ನೇರ ಕುತ್ತಿಗೆಗೆ. ವೆಲ್ಡರ್ ಮುರುಗೇಶನನ್ನು ಕರೆಸಿದೆವು.

"ಎಷ್ಟು ಕಟ್ ಮಾಡ್ಲಿ ಅಣ್ಣಾ?" ಎಂದ ಮುರುಗೇಶ್.

"ಚಕ್ರದ ನಡುವಿನ ರಾಡು ಆಕಿ ಮೊಣಕೈ ಮಟ್ಟಕ್ಕ ಬರ್ಬೇಕು. ಅಳಿ."

ಮುರುಗೇಶ ಅಳೆದ. ಐದು ಇಂಚು.

"ಇನ್ನೊಮ್ಮಿ ಅಳಿ."

ಮೂರು ಸಲ ಅಳೆಸಿದ. ಮೂರು ಸಲವೂ ಐದೇ ಇಂಚು. ಆಮೇಲೆ ಶಿವಪುತ್ರ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಕೇಳಿದ, "ಕಡದದ್ದು ಮುಂದ ಮತ್ತ ಜೋಡಿಸಾಕ ಬರ್ತದನು?"

"ಬರುತ್ತೆ ಅಣ್ಣಾ. ಆದ್ರೆ ಅಲುಗಾಡುತ್ತೆ. ಬಫಿಂಗಿಗೆ ಆಗಲ್ಲ."

ಶಿವಪುತ್ರ ಸ್ಟ್ಯಾಂಡಿನ ಕಡೆ ನೋಡಿದ. ಶರಣವ್ವ ಗೋಡೆ ನೋಡಿದಳು.

"ಕಡಿ" ಎಂದ ಶಿವಪುತ್ರ.

ಕಡಿದು ಬಿದ್ದ ನಾಲ್ಕು ಕಾಲುತುಂಡುಗಳನ್ನು ಅವನು ಗುಜರಿಗೆ ಹಾಕಲು ಬಿಡಲಿಲ್ಲ. ಒಂದು ಹಳೆಯ ಅರಿವೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ.

ಸ್ಟ್ಯಾಂಡನ್ನು ನೆಲದ ಕಾಂಕ್ರೀಟಿಗೆ ನಾಲ್ಕು ಬೋಲ್ಟು ಹಾಕಿ ಬಿಗಿಸಿದರು. ಅದರ ಮೇಲೆ ಬಾಯ್ತುಂಬ ನೀರಿನ ಲೋಟ ಇಟ್ಟು ಮೋಟಾರು ಹಾಕಿಸಿ, ನೀರು ನಡುಗಿದಾಗಲೆಲ್ಲ ಮತ್ತೆ ಬಿಗಿಸಿದ. ಮೋಟಾರಿನ ತಂತಿಗಳನ್ನು ಬಿಚ್ಚಿ ಜೋಡಿಸಿದ್ದರಿಂದ, ಚಕ್ರ ಹಾಕುವ ಮೊದಲು ಬರೀ ರಾಡನ್ನು ತಿರುಗಿಸಿ ನೋಡು ಎಂದ. ಶರಣವ್ವ ರಾಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸ್ವಿಚ್ಚನ್ನು ಒಮ್ಮೆ ಹಾಕಿ ತೆಗೆದು, ಗೆರೆ ಯಾವ ಕಡೆ ಹೋಯಿತೆಂದು ನೋಡಿದಳು.

"ಉಲ್ಟಾ ಐತ್ರಿ. ಕೆಳಗಿಂದ ಮ್ಯಾಲ ಹೊಂಟೈತಿ" ಎಂದಳು.

ಶಿವಪುತ್ರನ ಮುಖದಲ್ಲಿ ಬಹಳ ದಿನಗಳ ಮೇಲೆ ಸಣ್ಣ ನಗು ಬಂತು. ಚಕ್ರ ಮೇಲಿನಿಂದ ನಮ್ಮ ಕಡೆ ಇಳಿದು ಕೆಳಗೆ ಹೋಗಬೇಕು. ಉಲ್ಟಾ ತಿರುಗಿದರೆ ಮಾಲನ್ನು ಎತ್ತಿ ಮುಖಕ್ಕೇ ಹೊಡೆಯುತ್ತದೆ, ಚಕ್ರ ಹಿಡಿದ ನಟ್ಟೂ ತಾನಾಗಿ ಸಡಿಲವಾಗುತ್ತದೆ. ಮೇನ್ ತೆಗೆದು ಎರಡು ತಂತಿ ಅದಲುಬದಲು ಮಾಡಿದ ಮೇಲೆ ಸರಿಯಾಯಿತು. ಕಡೆಗೆ ಗೋಡೆಯ ಸ್ವಿಚ್ಚನ್ನು ಕೀಳಿಸಿ, ದೊಡ್ಡ ಕೆಂಪು ಗುಂಡಿಯ ಸ್ವಿಚ್ಚನ್ನು ಮೆಷಿನ್ನಿಗೆ ಪಕ್ಕವಾಗಿ ನಾಲ್ಕು ಹೆಜ್ಜೆ ದೂರದ ಕಂಬಕ್ಕೆ ಹಾಕಿಸಿದ. ಅಂಗೈ ತಾಗಿದರೆ ಸಾಕು, ಕರೆಂಟು ಬಂದ್. ಆ ಕಂಬದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡ. ಅದು ಅವನ ಜಾಗವಾಯಿತು.

ಮಾಲು ಕೊಡುತ್ತಿದ್ದವರು ಆರ್.ಟಿ. ನಗರದ ಗಯಾಸ್ ಭಾಯ್. ನಲ್ಲಿ, ದೀಪ, ಬಾಗಿಲ ಹಿಡಿಕೆ ಎಲ್ಲ ಅವರ ಆಟೋದಲ್ಲೇ ಬರುತ್ತಿತ್ತು. ಹೆಂಗಸು ಮೆಷಿನ್ನಿಗೆ ನಿಲ್ಲುತ್ತಾಳೆಂದು ಕೇಳಿ ಅವರು ಒಂದು ಜೊತೆ ಬಿಳಿಯ ಕೈಗವಸು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು ತಂದರು.

"ಬಾಭೀ, ಇದ್ ಹಾಕ್ಕೊಳ್ಳಿ. ಕೈಗೆ ಏನೂ ಆಗಲ್ಲ. ಏನ್ ಮಾಸ್ಟ್ರೇ, ಸರಿ ತಾನೆ?"

ಶಿವಪುತ್ರ ಕನ್ನಡಕ, ಮಾಸ್ಕು ಎರಡನ್ನೂ ಹೆಂಡತಿಗೆ ಕೊಟ್ಟ. ಕೈಗವಸಿನಲ್ಲಿ ಒಂದನ್ನು ಉದ್ದದ ಕೋಲಿನ ತುದಿಗೆ ಸಿಕ್ಕಿಸಿ, ಮೆಷಿನ್ ಹಾಕಿಸಿ, ಪಕ್ಕಕ್ಕೆ ಸರಿದು ನಿಂತು ತಿರುಗುವ ಚಕ್ರಕ್ಕೆ ಮುಟ್ಟಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಚಕ್ರ ಕೈಗವಸನ್ನು ಎಳೆದುಕೊಂಡು, ಒಂದು ಸುತ್ತು ಸುತ್ತಿ, ಹರಿದು, ಶೀಟಿಗೆ ಬೀಸಿ ಹೊಡೆಯಿತು. ಕೋಲು ಎರಡು ತುಂಡು. ಶೀಟಿನಿಂದ ಕೆಳಗೆ ಬಿದ್ದ ಕೈಗವಸಿನಲ್ಲಿ ಮೂರೇ ಬೆರಳಿದ್ದವು.

"ಒಳಗ ಕೈ ಇತ್ತು ಅಂತ ತಿಳ್ಕೊ" ಎಂದ.

ಗಯಾಸ್ ಭಾಯ್ ಉಳಿದ ಇನ್ನೊಂದನ್ನು ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡರು. ಶರಣವ್ವ ಆ ಮೂರು ಬೆರಳನ್ನು ನೋಡಿದಳು. ಆಮೇಲೆ ತನ್ನ ಸೆರಗು ನೋಡಿಕೊಂಡಳು. ಆಮೇಲೆ ಕೈ ನೋಡಿಕೊಂಡಳು. ಎರಡು ಕೈಗೂ ಆರಾರು ಹಸಿರು ಗಾಜಿನ ಬಳೆ.

ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಮೇಲೆ ಚರ್ಮದ ಹೊದಿಕೆ ಕಟ್ಟಿದ್ದಾಯಿತು. ಜಡೆ ತುರುಬಾಗಿ ಅರಿವೆಯೊಳಗೆ ಸೇರಿತು. ತಾಳಿ ಕುಪ್ಪಸದೊಳಗೆ ಹೋಯಿತು. ಬಳೆಗೆ ಬಂದಾಗ ಎಲ್ಲವೂ ನಿಂತಿತು. ಏಕೆಂದರೆ ಬಾಗಿಲಲ್ಲಿ ಮುನಿಯಲ್ಲಮ್ಮ ನಿಂತಿದ್ದಳು.

"ಗಂಡ ಬದುಕಿರೋಳು ಬರಿಗೈಲಿ ನಿಂತ್ಕೋಬಾರ್ದು ಕಣವ್ವ. ಒಂದು ಗಳಿಗೆನೂ ನಿಂತ್ಕೋಬಾರ್ದು. ಅದೂ ಇಂಗೆ ಉಸಾರಿಲ್ದೆ ಕುಂತಿರೋವಾಗ" ಎಂದಳು.

"ಏ ಇವಳೇ, ಬಳೆ ಸಿಕ್ಕಾಕ್ಕೊಂಡ್ರೆ ಕೈ ಓಗ್ತದೆ" ಎಂದೆ ನಾನು.

"ನೀವು ಸುಮ್ನಿರಿ. ಕೈ ಓದ್ರೆ ಒಂದು ಕೈ. ಗಂಡ ಓದ್ರೆ?"

ಈ ಮಾತನ್ನು ಶರಣವ್ವ ನಂಬುತ್ತಿದ್ದಳು. ನಂಬುವವರ ನಡುವೆಯೇ ಬೆಳೆದವಳು. ಬಲಗೈ ಬಳೆಗಳನ್ನು ಎಡಗೈಯಲ್ಲಿ ಮುಚ್ಚಿಕೊಂಡು ನಿಂತಳು. ಕೈ ಬೇಕೋ, ಗಂಡ ಬೇಕೋ? ಇಂಥ ಲೆಕ್ಕ ಯಾರ ಮುಂದೆಯೂ ಇಡಬಾರದು.

ಕುರ್ಚಿಯಿಂದ ಶಿವಪುತ್ರ ಹೇಳಿದ. ಆಗಲೇ ಅವನಿಗೆ ಒಂದು ಉಸಿರಿಗೆ ನಾಲ್ಕೈದು ಮಾತು ಮಾತ್ರ ಬರುತ್ತಿತ್ತು. "ಅಮ್ಮಾರ. ಬಳಿ ಇರೂದು ನನ್ನ ಸಲುವಾಗಿ, ಹೌದಲ್ಲೋ? ಹಂಗಾರ ನನ್ನ ಕೈಯಾಗ ಇರ್ಲಿ. ಆಕಿ ಕೆಲಸ ಮಾಡೂತನಕ ನಾ ಹಾಕ್ಕೊಂತೀನಿ."

ಮುನಿಯಲ್ಲಮ್ಮನ ಶಾಸ್ತ್ರ ಇದನ್ನು ಬೇಡ ಎನ್ನುತ್ತಿರಲಿಲ್ಲ. ಅವಳು ಬಾಗಿಲು ಬಿಟ್ಟು ಮನೆಗೆ ನಡೆದಳು.

ಹೀಗೆ ಶುರುವಾಯಿತು. ಬೆಳಗ್ಗೆ ಶರಣವ್ವ ಬಳೆ ಬಿಚ್ಚಿ ಗಂಡನ ಕೈಗೆ ಏರಿಸುವುದು, ಸಂಜೆ ತಿರುಗಿ ತಾನು ಹಾಕಿಕೊಳ್ಳುವುದು. ಮೊದಮೊದಲು ಬಳೆ ಅವನ ಬೆರಳಿನ ಗೆಣ್ಣಿನಲ್ಲೇ ನಿಲ್ಲುತ್ತಿದ್ದವು. ಅಷ್ಟು ದೊಡ್ಡ ಕೈ ಅವನದು.

"ಯಾವೂರ ಮದುಮಗಳಪ್ಪ ನೀನು?" ಎಂದು ನಾನು ಕಾಡುತ್ತಿದ್ದೆ.

"ನಿಮ್ಮ ಮನಿ ಸೊಸಿ ಕಾಕಾ. ಉಡಿ ತುಂಬ್ರಿ" ಎನ್ನುತ್ತಿದ್ದ.

ಪಾಠವೂ ಆ ಕುರ್ಚಿಯಿಂದಲೇ. ಮೆಷಿನ್ ಸದ್ದಿಗೆ ಅವನ ದನಿ ಏರುತ್ತಿರಲಿಲ್ಲವಾದ್ದರಿಂದ ಹಾಕುವ ಮೊದಲೇ ಹೇಳಿಬಿಡುತ್ತಿದ್ದ. ಎದುರಿಗೆ ನಿಲ್ಲಬೇಡ, ಒಂದು ಪಕ್ಕಕ್ಕೆ ನಿಲ್ಲು. ಪೂರ್ತಿ ವೇಗ ಬರುವತನಕ ಮಾಲು ಮುಟ್ಟಿಸಬೇಡ. ಸೋಪು ಸ್ವಲ್ಪ, ಮುಟ್ಟಿಸಿ ತೆಗೆ. ಮಾಲು ಯಾವಾಗಲೂ ಚಕ್ರದ ಕೆಳಗಿನ ಅರ್ಧದಲ್ಲಿರಲಿ. ಮೇಲಿನ ಅರ್ಧ ಯಮನದು. ಅಂಚಿದ್ದ ಮಾಲಾದರೆ ಚಕ್ರ ಅಂಚಿನಿಂದ ಆಚೆ ಜಾರಿ ಹೋಗುವಂತೆ ಹಿಡಿ. ಅಂಚಿಗೆ ಎದುರಾಗಿ ಬಂದರೆ ಕಿತ್ತುಕೊಳ್ಳುತ್ತದೆ. ಜಾರಿದ ಮಾಲಿನ ಹಿಂದೆ ಕೈ ಹಾಕಬೇಡ, ಹೋಗಲಿ ಬಿಡು. ಸ್ವಿಚ್ ತೆಗೆದರೂ ಚಕ್ರ ಬಹಳ ಹೊತ್ತು ತಿರುಗುತ್ತದೆ. ನಿಲ್ಲುವತನಕ ಕಣ್ಣು ಕೀಳಬೇಡ, ಏನೇ ಆದರೂ ಕೀಳಬೇಡ.

ತಪ್ಪು ಕಂಡರೆ ಅವನು ಬಲಗೈ ಎತ್ತುತ್ತಿದ್ದ. ಶರಣವ್ವನ ಕಣ್ಣಂಚಿಗೆ ಹಸಿರು ಕಾಣುತ್ತಿತ್ತು. ತಕ್ಷಣ ಮಾಲು ಹಿಂದಕ್ಕೆ. ಇಡೀ ಬೆಂಗಳೂರಿನಲ್ಲಿ ಹಸಿರು ಎಂದರೆ ಹೋಗು, ಮಾಕಳಿಯ ನನ್ನ ಶೆಡ್ಡಿನಲ್ಲಿ ಮಾತ್ರ ಹಸಿರು ಎಂದರೆ ನಿಲ್ಲು. ಮೊದಲ ತಿಂಗಳು ಆ ಕೈ ದಿನಕ್ಕೆ ನೂರು ಸಲ ಎದ್ದಿರಬೇಕು. ಜೂನ್ ಹೊತ್ತಿಗೆ ಹತ್ತು ಸಲ. ಮಾಲಿನ ಹೊಳಪೂ ಬಂತು. ಗೂಳಿ ಓಡಿಹೋಗುವಷ್ಟಲ್ಲ, ಕರು ಬೆದರುವಷ್ಟು.

ಅಷ್ಟರಲ್ಲಿ ಇನ್ನೊಂದು ಅಳತೆಯೂ ನಡೆದಿತ್ತು. ಗೆಣ್ಣಿನಲ್ಲಿ ನಿಲ್ಲುತ್ತಿದ್ದ ಬಳೆ ಈಗ ಸಲೀಸಾಗಿ ಮಣಿಕಟ್ಟಿಗೆ ಇಳಿಯುತ್ತಿತ್ತು. ಶರಣವ್ವ ಬಳೆ ಏರಿಸುವಾಗ ಬೇರೆ ಕಡೆ ನೋಡುತ್ತಿದ್ದಳು. ಮದುಮಗಳೇ ಎಂದು ಕರೆಯುವುದನ್ನು ನಾನೂ ಬಿಟ್ಟೆ.

ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಮುನಿಯಲ್ಲಮ್ಮ ಬಳೆಗಾರನನ್ನು ಮನೆಗೇ ಕರೆಸಿ, ಅರಿಶಿನ ಕುಂಕುಮಕ್ಕೆ ಬಂದ ಶರಣವ್ವನ ಎರಡೂ ಕೈಗೆ ಹೊಸ ಬಳೆ ತೊಡಿಸಿದಳು. ಬಳೆಗಾರ ಬಿಗಿಯಾದದ್ದನ್ನೇ ಒತ್ತಿ ಏರಿಸಿದ.

"ದೇವರ ಮುಂದೆ ತೊಟ್ಟ ಬಳೆ. ನಾಳೆ ಬೆಳಗಾಗೋವರ್ಗೂ ತೆಗೀಬೇಡ. ನಿನ್ ಗಂಡನ್ ಎಸರಿನಲ್ಲಿ ಬೇಡ್ಕೊಂಡಿವ್ನಿ" ಎಂದಳು.

ಹಬ್ಬದ ದಿನ ಮೆಷಿನ್ ಹಾಕುವುದು ಬೇಕಿರಲಿಲ್ಲ. ಆದರೆ ಗಯಾಸ್ ಭಾಯ್ ಕಳಿಸಿದ್ದ ಹಿತ್ತಾಳೆ ದೀಪಗಳಲ್ಲಿ ಐದು ಉಳಿದಿದ್ದವು. ಅವು ಆವತ್ತು ಸಂಜೆಯ ಪೂಜೆಗೆ ಯಾರದೋ ಮನೆ ಸೇರಬೇಕಿತ್ತು. ಮಧ್ಯಾಹ್ನ ಶರಣವ್ವ ಶೆಡ್ಡಿಗೆ ಬಂದಳು. ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಅವು ಕೆಳಗೆ ಇಳಿಯದಂತೆ ಹಳೆಯ ಸೀರೆಯ ಒಂದು ಪಟ್ಟಿ ಹರಿದು ಎರಡು ಕೈಗೂ ಸುತ್ತಿ ಗಂಟು ಹಾಕಿಕೊಂಡಿದ್ದಳು. ನಾನು ಬಾಗಿಲಲ್ಲಿ ಹೋಳಿಗೆ ಹಿಡಿದು ನಿಂತಿದ್ದೆ.

ಶಿವಪುತ್ರ ಬಲಗೈ ಎತ್ತಿದ. ಆವತ್ತು ಅದರಲ್ಲಿ ಹಸಿರು ಇರಲಿಲ್ಲ. ಹಳೆಯ ಬಳೆ ಗೂಡಿನಲ್ಲಿತ್ತು.

"ಇವತ್ತೊಂದ ದಿನ. ಐದ ದೀಪ. ಬಿಗದ ಕಟ್ಟೀನಿ ನೋಡ್ರಿ" ಎಂದಳು.

ಅವನು ನೋಡಿದ. ಚಕ್ರದ ಹತ್ತಿರ ಒಂದು ನೂಲೆಳೆ ಸುಳಿಯಲು ಬಿಡದವನು, ನನ್ನ ಪಂಚೆಯ ಅಂಚನ್ನು ಕಂಡೇ ದೂರ ಓಡಿಸುತ್ತಿದ್ದವನು, ಆ ಪಟ್ಟಿಯನ್ನೂ ಅದರೊಳಗಿನ ಬಳೆಗಳನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಕೈ ಇಳಿಸಿ, ತಲೆ ಆಡಿಸಿದ.

ನಾಲ್ಕು ದೀಪ ಮುಗಿದವು. ಐದನೆಯದಕ್ಕೆ ಎಡಗೈ ಗಂಟಿನ ತುದಿ ಬಿಚ್ಚಿಕೊಂಡು ನಾಲ್ಕು ಬೆರಳಷ್ಟು ಇಳಿಬಿತ್ತು. ಅವಳಿಗೆ ಕಾಣಲಿಲ್ಲ. ಚಕ್ರಕ್ಕೆ ಕಂಡಿತು.

ಶಿವಪುತ್ರನ ಅಂಗೈ ಕೆಂಪು ಗುಂಡಿಗೆ ಬಡಿದದ್ದೂ ಶರಣವ್ವನ ಕೈ ಮುಂದಕ್ಕೆ ಹೋದದ್ದೂ ಒಟ್ಟಿಗೇ. ಕರೆಂಟು ನಿಂತರೂ ಚಕ್ರ ನಿಲ್ಲಲಿಲ್ಲ. ಪಟ್ಟಿ ಸುತ್ತಿಕೊಂಡಿತು, ಬಳೆಗಳು ಒಡೆದ ಸದ್ದು ಕೇಳಿತು, ದೀಪ ಹಾರಿ ಗೋಡೆಗೆ ಬಡಿಯಿತು. ಹಳೆಯ ಸೀರೆ, ಬಟ್ಟೆ ಜೀರ್ಣವಾಗಿತ್ತು, ಹರಿಯಿತು. ಹೊಸ ಬಟ್ಟೆಯಾಗಿದ್ದರೆ ನಾನು ಈಗ ಬೇರೆ ಕಥೆ ಬರೆಯಬೇಕಿತ್ತು. ಮುಂಗೈಗೆ ಏಳು ಹೊಲಿಗೆ ಬಿತ್ತು, ಬಲಗೈಯ ಬಳೆಗಳನ್ನೂ ಆಸ್ಪತ್ರೆಯಲ್ಲಿ ತೆಗೆಸಿದರು. ಕನ್ನಡಕದ ಗಾಜಿನಲ್ಲಿ, ಎಡಗಣ್ಣಿಗೆ ನೇರವಾಗಿ, ಬಳೆಯ ಚೂರೊಂದು ಅರ್ಧ ನಾಟಿ ನಿಂತಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಮುನಿಯಲ್ಲಮ್ಮ ಅವಳ ಮುಂದೆ ಕೂತು ಅತ್ತಳು. ಗಂಡ ಬದುಕಿರುವಾಗ ಬಳೆ ಒಡೆಯಿತು, ಅದೂ ತಾನು ತೊಡಿಸಿದ ಬಳೆ. ನಾನು ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಮಾತಾಡಿದವನು ಶಿವಪುತ್ರ.

"ತಪ್ಪು ನಂದ. ನನಗ ಗೊತ್ತಿತ್ತು. ಗೊತ್ತಿದ್ದೂ ತಲಿ ಆಡಿಸಿದ್ನಿ." ಇಲ್ಲಿ ಅವನು ಉಸಿರಿಗಾಗಿ ನಿಂತ. "ಬದುಕೂ ಆಸಿಗೆ ಬಿದ್ನಿ, ಅಮ್ಮಾರ."

ಮುನಿಯಲ್ಲಮ್ಮ ಆ ದಿನದಿಂದ ಬಳೆಯ ಮಾತೆತ್ತಲಿಲ್ಲ.

ಗಾಯ ಮಾಯಲು ತಿಂಗಳು ಹಿಡಿಯಿತು. ಎಡಗೈ ಹೆಬ್ಬೆರಳು ಸ್ವಲ್ಪ ಸೆಟೆದುಕೊಂಡಿತು. ಅವಳು ಮತ್ತೆ ಮೆಷಿನ್ನಿಗೆ ನಿಂತ ಮೊದಲ ದಿನ ಹಳೆಯ ಹಸಿರು ಬಳೆಗಳನ್ನು ಗೂಡಿನಿಂದ ತೆಗೆದು ಗಂಡನ ಕೈಗೆ ಏರಿಸಿದಳು. ಸಂಜೆ ತಿರುಗಿ ತೆಗೆದುಕೊಳ್ಳಲಿಲ್ಲ. ಮಾರನೆಯ ದಿನವೂ ತೆಗೆದುಕೊಳ್ಳಲಿಲ್ಲ. ಅವು ಅವನ ಕೈಯಲ್ಲೇ ಉಳಿದವು. ದೀಪಾವಳಿ ಹೊತ್ತಿಗೆ ಅವನು ಕೈ ಎತ್ತಿದರೆ ಬಳೆಗಳು ಜಾರಿ ಮೊಣಕೈಗೆ ಹೋಗುತ್ತಿದ್ದವು. ಒಂದು ಸಮಾಧಾನವೂ ಇತ್ತು. ಅವನಿಗೆ ಕೈ ಎತ್ತಲು ಶಕ್ತಿ ಸಾಲದಾದಾಗ ಅವಳಿಗೂ ತಪ್ಪು ಮಾಡುವುದು ಮರೆತುಹೋಗಿತ್ತು.

ಕಾರ್ತಿಕದ ಒಂದು ಸೋಮವಾರ, ಬೆಳಗಿನ ಹನ್ನೊಂದು ಗಂಟೆ. ಆಮೇಲೆ ಶರಣವ್ವ ಹೇಳಿದ್ದನ್ನು ಹೇಳುತ್ತೇನೆ. ಅವಳು ಒಂದು ನಲ್ಲಿಗೆ ಪಾಲಿಶ್ ಕೊಡುತ್ತಿದ್ದಳು. ಮೆಷಿನ್ ಇದ್ದಕ್ಕಿದ್ದಂತೆ ಬಂದಾಯಿತು. ಕರೆಂಟು ಹೋಗಿರಬೇಕು ಎಂದುಕೊಂಡಳು. ಮಾಕಳಿಯಲ್ಲಿ ಅದು ದಿನಾ ನಾಲ್ಕು ಸಲ ಹೋಗುತ್ತದೆ. ಆದರೆ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಅಂದರೆ ಅವನೇ ಗುಂಡಿ ಒತ್ತಿದ್ದಾನೆ. ಅಂದರೆ ತಾನು ಏನೋ ತಪ್ಪು ಮಾಡಿದ್ದೇನೆ.

ನಲ್ಲಿಯನ್ನು ಹಿಂದಕ್ಕೆ ತೆಗೆದಳು. ತಿರುಗಿ ನೋಡಲಿಲ್ಲ. ಚಕ್ರ ನಿಲ್ಲುವತನಕ ಕಣ್ಣು ಕೀಳಬಾರದಲ್ಲ. ಅದು ನಿಧಾನವಾಗಿ, ಬಹಳ ನಿಧಾನವಾಗಿ ತಿರುಗುತ್ತಿದ್ದಾಗ ತನ್ನ ಸೆರಗು ನೋಡಿಕೊಂಡಳು, ಕುಪ್ಪಸದ ತೋಳು ನೋಡಿಕೊಂಡಳು, ತುರುಬು ಮುಟ್ಟಿಕೊಂಡಳು. ನಲ್ಲಿಯ ಅಂಚು ಸರಿಯಾಗಿತ್ತು. ಚಕ್ರದ ಕೆಳಗಿನ ಅರ್ಧದಲ್ಲೇ ಹಿಡಿದಿದ್ದಳು. ಎಲ್ಲ ಸರಿಯಾಗಿತ್ತು.

ಚಕ್ರ ನಿಂತಿತು. ಮಾಸ್ಕು ಕೆಳಗೆ ಎಳೆದು, "ಏನು ತಪ್ಪಾತ್ರಿ?" ಎಂದು ಕೇಳಿಕೊಂಡೇ ತಿರುಗಿದಳು.

ಅವನು ಕಂಬಕ್ಕೆ ಒರಗಿದ್ದ. ಬಲಗೈ ಗುಂಡಿಯ ಮೇಲೆ ಬಿದ್ದು ಅಲ್ಲಿಂದ ಜಾರಿ ತೊಡೆಗೆ ಬಂದಿತ್ತು. ಆರು ಬಳೆಯೂ ಮಣಿಕಟ್ಟಿಗೆ ಬಂದು ಒಂದರ ಮೇಲೊಂದು ಕೂತಿದ್ದವು.

ಇಳಕಲ್ ಕಡೆಯಿಂದ ಅವರ ಜನ ಬರುವಾಗ ಸಂಜೆಯಾಯಿತು. ಮಣ್ಣು ಮಾಡುವ ಮೊದಲು ಅವನ ದೊಡ್ಡಮ್ಮ ಒಬ್ಬಳು, ತುಂಬ ವಯಸ್ಸಾದ ಹೆಂಗಸು, ಶಾಸ್ತ್ರಕ್ಕೆಂದು ಶರಣವ್ವನ ಕೈ ಹಿಡಿದಳು. ಒಡೆಯಲು ಅಲ್ಲಿ ಬಳೆ ಇರಲಿಲ್ಲ. ಎಡಗೈ ಮೇಲೆ ಏಳು ಹೊಲಿಗೆಯ ಗೆರೆ ಇತ್ತು.

"ಮೊದಲ ತಗದಿಟ್ಟೀಯೇನ ತಂಗಿ? ಇವ ಬದುಕಿದ್ದಾಗನ?" ಎಂದಳು ಮುದುಕಿ. ಸುತ್ತ ಇದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ವಿಭೂತಿ ಹಚ್ಚಿ ಕೂರಿಸಿದ್ದ ಶಿವಪುತ್ರನ ಕೈ ತೋರಿಸಿದರು. ಬಳೆ ಅಲ್ಲಿದ್ದವು. ಮುದುಕಿ ಅದನ್ನು ಕಂಡು, ಇದೇನು ಅನರ್ಥ, ತೆಗೆಯಿರಿ, ಒಡೆದು ಹಾಕಿರಿ ಎಂದಳು.

ಶರಣವ್ವ ಗಂಡನ ಕೈ ಹಿಡಿದುಕೊಂಡಳು. "ಅವು ಅವರವು" ಎಂದಳು.

ಯಾರೋ ಒಬ್ಬಳು ಕೈ ಚಾಚಿದಳು. ಆಗ ಮುನಿಯಲ್ಲಮ್ಮ ಎದ್ದು ನಡುವೆ ಬಂದು ನಿಂತಳು. ನೆಲಮಂಗಲಕ್ಕೆ ಕೇಳುವ ದನಿಯವಳು, ಆವತ್ತು ಪಕ್ಕದವರಿಗಷ್ಟೇ ಕೇಳುವಂತೆ ಹೇಳಿದಳು.

"ಒಂದು ಸಲ ಒಡ್ದಿದ್ದಾಗಿದೆ ಕಣಮ್ಮ. ಅದು ನನ್ ಕೈಯಿಂದ. ಇನ್ನೊಂದು ಸಲ ಬೇಡ."

ಹನ್ನೆರಡು ಬಳೆಯೂ ಅವನ ಜೊತೆ ಮಣ್ಣಿಗೆ ಹೋದವು.

ಮೂರು ವಾರ ಶೆಡ್ಡಿಗೆ ಬೀಗ ಇತ್ತು. ನಾಲ್ಕನೆಯ ವಾರ ಒಂದು ಬೆಳಗ್ಗೆ ಗಯಾಸ್ ಭಾಯ್ ಆಟೋ ಬಂತು, ಶರಣವ್ವ ಬೀಗ ತೆಗೆದಳು. ಸೆರಗು ಸಿಕ್ಕಿಸಿದಳು, ಚರ್ಮದ ಹೊದಿಕೆ ಕಟ್ಟಿದಳು, ತುರುಬಿಗೆ ಅರಿವೆ ಸುತ್ತಿದಳು. ಪ್ಲಗ್ಗು ಕಿತ್ತು, ಎರಡು ಚಕ್ರದ ನಟ್ಟುಗಳನ್ನೂ ಪಾನಾ ಹಾಕಿ ನೋಡಿದಳು. ಎಡಗಡೆಯದು ಉಲ್ಟಾ ತಿರುಗಿಸಿ ಬಿಗಿಸಬೇಕು, ಅದನ್ನು ಅವಳಿಗೆ ಯಾರೂ ನೆನಪಿಸಬೇಕಾಗಲಿಲ್ಲ. ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗುವುದಿಲ್ಲ ಎಂದು ಕಂಡುಕೊಂಡಳು. ಕನ್ನಡಕ ಹಾಕಿದಳು. ಹೊಸ ಕನ್ನಡಕ.

ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಕಂಬದ ಕೆಳಗಿನ ಕುರ್ಚಿಯ ಕಡೆ ನೋಡಿ ಹೇಳಿದಳು.

"ಕಾಕಾ, ಕುಂದರತೀರೇನ್ರಿ?"

"ನಾನು ಕೂತ್ರೆ ಬಾಯಿ ಸುಮ್ನಿರಲ್ಲ ಕಣಮ್ಮ. ನಿಂಗೊತ್ತಲ್ಲ."

"ಮಷಿನ್ ನಡದಾಗ ಮಾತಾಡಬಾರ್ದ್ರಿ. ಅಷ್ಟ."

ಕುರ್ಚಿ ನನಗೆ ತುಸು ಎತ್ತರ. ಅವನ ಕಾಲಿಗೆ ಸರಿಹೋಗಲೆಂದು ಕೆಳಗೆ ಇಟ್ಟಿಗೆ ಇಟ್ಟಿದ್ದ. ತೆಗೆಯಲು ಮನಸ್ಸಾಗಲಿಲ್ಲ. ಹಾಗೇ ಕೂತೆ, ಕಾಲು ನೆಲಕ್ಕೆ ತಾಗದೆ. ಅಂಗೈಯನ್ನು ಕೆಂಪು ಗುಂಡಿಯ ಹತ್ತಿರ ಇಟ್ಟುಕೊಂಡೆ. ಅವಳು ಮೆಷಿನ್ ಹಾಕಿದಳು, ಪಕ್ಕಕ್ಕೆ ಸರಿದು ನಿಂತಳು, ಪೂರ್ತಿ ವೇಗ ಬರಲಿ ಎಂದು ಕಾದಳು.

ಈಗ ದಿನಾ ಬೆಳಗ್ಗೆ ಹತ್ತರಿಂದ ಒಂದು ಗಂಟೆವರೆಗೆ, ಮಧ್ಯಾಹ್ನ ಎರಡರಿಂದ ಐದರವರೆಗೆ ನಾನು ಮಾತಾಡುವುದಿಲ್ಲ. ಊರಲ್ಲಿ ಯಾರೂ ಇದನ್ನು ನಂಬುವುದಿಲ್ಲ. ಅವ್ನು ನೂರಕ್ಕೆ ನಾಲ್ಕು ಸುಳ್ಳು ಏಳೋನು, ಇದು ಐದನೇದು ಎನ್ನುತ್ತಾರೆ. ನಾನು ಅವಳ ಕೈ ನೋಡುತ್ತಾ ಕೂತಿರುತ್ತೇನೆ. ಎಡಗೈ ಹೆಬ್ಬೆರಳು ಇನ್ನೂ ಸ್ವಲ್ಪ ಸೆಟೆದೇ ಇದೆ. ಉಳಿದದ್ದೆಲ್ಲ ಸರಿಯಾಗಿದೆ, ಮಾಲು ಚಕ್ರದ ಕೆಳಗಿನ ಅರ್ಧದಲ್ಲೇ ಇದೆ.